ಮೋಡದಿಂದ ಬೀಳುವ ಗಾಳಿ: ಪಾಲಿಹೌಸಿಗೂ ವಿಮಾನಕ್ಕೂ ಒಂದೇ ಪಾಠ

ಏಪ್ರಿಲ್ ಬಂತಂದ್ರೆ ಹುಬ್ಬಳ್ಳಿ-ಧಾರವಾಡ ಕಡೆ ಎಲ್ಲರ ಕಣ್ಣೂ ಮುಗಿಲ ಮೇಲೆ. ಅಶ್ವಿನಿ, ಭರಣಿಯ ಒಂದೆರಡು ಅಡ್ಡಮಳೆ ಬಿದ್ದರೆ ಹೊಲ ಹದಕ್ಕೆ ಬರುತ್ತದೆ, ಬಾವಿ-ಬೋರ್‌ವೆಲ್‌ಗೆ ಸ್ವಲ್ಪ ಉಸಿರು ಸಿಗುತ್ತದೆ. ಆದರೆ ಅದೇ ಮೋಡ ಮಳೆಗಿಂತ ಮೊದಲು ಇನ್ನೊಂದನ್ನು ಕಳಿಸುತ್ತದೆ. ಮಳೆ ಹತ್ತು ನಿಮಿಷ, ಗಾಳಿ ಐದೇ ನಿಮಿಷ. ಅಷ್ಟರಲ್ಲಿ ಶೆಡ್ಡಿನ ತಗಡು ಪಕ್ಕದ ಹೊಲದಲ್ಲಿ, ಬಾಳೆ ನೆಲದಲ್ಲಿ, ಮಾವಿನಕಾಯಿ ಗಿಡದ ಬುಡದಲ್ಲಿ. ಮರುದಿನ ಪೇಪರಿನಲ್ಲಿ 'ಬಿರುಗಾಳಿ ಸಹಿತ ಮಳೆ' ಅಂತ ಒಂದು ಸಾಲು ಬರುತ್ತದೆ. ಊರಲ್ಲಿ ನಾವು 'ಸುಂಟರಗಾಳಿ ಬಂದಿತ್ತು' ಅಂತೇವಿ.

ಹೆಚ್ಚಿನ ಸಲ ಅದು ಸುಂಟರಗಾಳಿ ಆಗಿರುವುದಿಲ್ಲ. ಹವಾಮಾನ ತಜ್ಞರು ಅದಕ್ಕೆ ಡೌನ್‌ಬರ್ಸ್ಟ್ ಅಂತಾರೆ. ಮೋಡದಿಂದ ನೆಟ್ಟಗೆ ಕೆಳಗೆ ಸುರಿದು, ನೆಲಕ್ಕೆ ಬಡಿದು, ಎಲ್ಲ ದಿಕ್ಕಿಗೂ ಹರಡುವ ಗಾಳಿ ಇದು. ಹೆಸರು ಯಾವುದಾದರೇನು ಅನ್ನಬ್ಯಾಡ್ರಿ. ಗಾಳಿಯ ಸ್ವಭಾವ ಬೇರೆ ಆದರೆ ನಾವು ಮಾಡಿಕೊಳ್ಳಬೇಕಾದ ತಯಾರಿಯೂ ಬೇರೆ. ಸಾಲ ಮಾಡಿ ಪಾಲಿಹೌಸ್, ಶೇಡ್‌ನೆಟ್, ಸೋಲಾರ್ ಪಂಪ್ ಹಾಕಿಸಿದ ನಮ್ಮ ವಯಸ್ಸಿನ ರೈತರು ಇದನ್ನ ತಿಳಿದಿರಲೇಬೇಕು.

ಮೋಡದೊಳಗೆ ಏನಾಗುತ್ತದೆ?

ಏಪ್ರಿಲ್-ಮೇ ಮಧ್ಯಾಹ್ನ ನೆಲ ಕಾದಿರುತ್ತದೆ. ಬಿಸಿಗಾಳಿ ಮೇಲೇರಿ ಗುಡುಗಿನ ಮೋಡ ಕಟ್ಟುತ್ತದೆ. ಮೋಡದ ಒಳಗೆ ನೀರು, ಆಣಿಕಲ್ಲು ಎರಡೂ ತುಂಬಿ, ಮೇಲೇರುವ ಗಾಳಿಗೆ ಆ ಭಾರ ತಡೆಯದಾದಾಗ ಎಲ್ಲ ಕೆಳಗೆ ಇಳಿಯುತ್ತದೆ. ಬೀಳುವ ಮಳೆ ತನ್ನ ಜೊತೆ ಗಾಳಿಯನ್ನೂ ಎಳೆದುಕೊಂಡು ಬರುತ್ತದೆ.

ಇಲ್ಲಿ ಇನ್ನೊಂದು ಕೆಲಸ ನಡೆಯುತ್ತದೆ. ಬೇಸಿಗೆಯಲ್ಲಿ ಮೋಡದ ಕೆಳಗಿನ ಗಾಳಿ ಒಣಗಿರುತ್ತದೆ. ಅದರೊಳಗೆ ಬೀಳುವ ಹನಿ ದಾರಿಯಲ್ಲೇ ಆವಿಯಾಗುತ್ತದೆ, ಆಣಿಕಲ್ಲು ಕರಗುತ್ತದೆ. ಎರಡಕ್ಕೂ ಶಾಖ ಬೇಕು, ಆ ಶಾಖವನ್ನ ಸುತ್ತಲಿನ ಗಾಳಿಯಿಂದಲೇ ಹೀರಿಕೊಳ್ಳುತ್ತವೆ. ಮಣ್ಣಿನ ಹರವಿಯಲ್ಲಿ ನೀರು ತಣ್ಣಗಾಗುವುದೂ ಹೀಗೇ. ತಣ್ಣಗಾದ ಗಾಳಿ ಭಾರ ಆಗುತ್ತದೆ, ಭಾರ ಆದದ್ದು ಇನ್ನೂ ಜೋರಾಗಿ ಬೀಳುತ್ತದೆ.

ಒಂದು ಬಕೆಟ್ ನೀರನ್ನ ಅಂಗಳಕ್ಕೆ ಸುರಿದು ನೋಡ್ರಿ. ನೀರು ಬಿದ್ದ ಜಾಗದಿಂದ ಸುತ್ತಲೂ ಚಿಮ್ಮಿ ಹರಡುತ್ತದೆ. ಗಾಳಿಯೂ ಹಾಗೆಯೇ. ಹರಡಿದ ವ್ಯಾಪ್ತಿ ನಾಲ್ಕು ಕಿಲೋಮೀಟರ್ ಒಳಗಿದ್ದರೆ ಅದಕ್ಕೆ ಮೈಕ್ರೋಬರ್ಸ್ಟ್ ಅಂತ ಹೆಸರು, ಅದಕ್ಕಿಂತ ದೊಡ್ಡದಾದರೆ ಮ್ಯಾಕ್ರೋಬರ್ಸ್ಟ್. ಚಿಕ್ಕದರ ಆಯುಷ್ಯ ಕೆಲವೇ ನಿಮಿಷ. ಅದಕ್ಕೇ ಒಂದು ಊರಲ್ಲಿ ತೋಟ ಮಲಗಿದ್ದರೆ ಪಕ್ಕದೂರಲ್ಲಿ ಎಲೆಯೂ ಅಲುಗಿರುವುದಿಲ್ಲ.

ಬಿದ್ದ ಮರ ಓದಿದ ವಿಜ್ಞಾನಿ

ಈ ಗಾಳಿಯನ್ನ ಮೊದಲು ಗುರುತಿಸಿದವರು ಜಪಾನಿನಲ್ಲಿ ಹುಟ್ಟಿ ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಟೆಟ್ಸುಯಾ ಫುಜಿತಾ. 1945ರಲ್ಲಿ ನಾಗಾಸಾಕಿ, ಹಿರೋಶಿಮಾದಲ್ಲಿ ಅಣುಬಾಂಬಿನ ಹಾನಿಯನ್ನ ಅವರು ಕಣ್ಣಾರೆ ನೋಡಿದ್ದರು. ಸ್ಫೋಟದ ನಡುವಿನಿಂದ ಹೊರಮುಖವಾಗಿ ಮರಗಳು ಬಿದ್ದಿದ್ದವು. 1974ರಲ್ಲಿ ಅಮೆರಿಕದ ಸುಂಟರಗಾಳಿಗಳ ಹಾನಿಯನ್ನ ವಿಮಾನದಿಂದ ನೋಡುವಾಗ ಕೆಲವು ಕಡೆ ಅದೇ ನಕ್ಷತ್ರದ ಆಕಾರ ಕಂಡಿತು. ಸುಂಟರಗಾಳಿ ತಿರುಗುತ್ತದೆ, ಅದಕ್ಕೆ ಸಿಕ್ಕ ಮರಗಳು ಸುತ್ತಿಕೊಂಡು, ಒಂದರ ಮೇಲೊಂದು ಅಡ್ಡಾದಿಡ್ಡಿ ಬೀಳುತ್ತವೆ. ಇಲ್ಲಿ ಹಾಗಿರಲಿಲ್ಲ.

ಮರುವರ್ಷ, 1975ರ ಜೂನ್ 24ರಂದು, ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ ಗುಡುಗು ಮಳೆಯ ನಡುವೆ ಇಳಿಯುತ್ತಿದ್ದ ಈಸ್ಟರ್ನ್ ಏರ್‌ಲೈನ್ಸ್‌ನ 66ನೇ ವಿಮಾನ ರನ್‌ವೇ ತಲುಪುವ ಮೊದಲೇ ನೆಲಕ್ಕೆ ಬಿತ್ತು. 113 ಜನ ಸತ್ತರು. ಆ ದಾಖಲೆಗಳನ್ನ ಪರಿಶೀಲಿಸಿದ ಫುಜಿತಾ, ಮೋಡದಿಂದ ಬಿದ್ದ ಗಾಳಿಯೇ ಕಾರಣ ಅಂದರು. ಕೆಲವು ತಜ್ಞರು ಆಗ ನಂಬಲಿಲ್ಲ. ಮುಂದಿನ ವರ್ಷಗಳಲ್ಲಿ ಡಾಪ್ಲರ್ ರಡಾರ್ ಹಿಡಿದು ನೋಡಿದಾಗ ಅವರ ಮಾತೇ ನಿಜವಾಯಿತು.

ನಮ್ಮ ತೋಟದಲ್ಲೂ ಈ ಓದು ಸಾಧ್ಯ. ಗಾಳಿ ಹೋದ ಮೇಲೆ ಡ್ರೋನ್‌ನಿಂದಲೋ, ನೀರಿನ ಟ್ಯಾಂಕ್ ಹತ್ತಿಯೋ ಬಿದ್ದ ಬಾಳೆ, ಗೋವಿನಜೋಳ ಯಾವ ದಿಕ್ಕಿಗೆ ಮಲಗಿವೆ ನೋಡ್ರಿ. ಒಂದು ಜಾಗದಿಂದ ಬೀಸಣಿಗೆ ಬಿಚ್ಚಿದ ಹಾಗೆ ಹೊರಗೆ ಮಲಗಿದ್ದರೆ ಅದು ಡೌನ್‌ಬರ್ಸ್ಟ್.

ವಿಮಾನಕ್ಕೆ ಯಾಕೆ ಅಪಾಯ?

ರೈತರಿಗೆ ವಿಮಾನದ ಮಾತ್ಯಾಕೆ ಅಂತ ಕೇಳಬಹುದು. ಈ ಗಾಳಿಯ ಕುತಂತ್ರ ಅತಿ ಸ್ಪಷ್ಟವಾಗಿ ಕಾಣುವುದು ಅಲ್ಲೇ.

ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣಕ್ಕೆ ಒಂದು ವಿಮಾನ ಇಳಿಯುತ್ತಿದೆ ಅಂತ ಇಟ್ಟುಕೊಳ್ಳಿ. ದಾರಿಯಲ್ಲಿ ಡೌನ್‌ಬರ್ಸ್ಟ್ ಇದೆ. ಮೊದಲು ಎದುರುಗಾಳಿ ಸಿಗುತ್ತದೆ, ರೆಕ್ಕೆಗೆ ಹೆಚ್ಚು ಬಲ ಬಂದು ವಿಮಾನ ಮೇಲೇಳುತ್ತದೆ. ಪೈಲಟ್ ಅದನ್ನ ಸರಿಮಾಡಲು ಎಂಜಿನ್ ಇಳಿಸಿದರೆ ಮುಂದೆ ಕುತ್ತು. ಕ್ಷಣದಲ್ಲೇ ಮೇಲಿಂದ ಕೆಳಗೆ ಒತ್ತುವ ಗಾಳಿ, ಅದನ್ನ ದಾಟುತ್ತಲೇ ಹಿಂದಿನಿಂದ ಬೀಸುವ ಗಾಳಿ. ಎದುರಿನಿಂದ 50 ಕಿ.ಮೀ. ಇದ್ದದ್ದು ಹಿಂದಿನಿಂದ 50 ಆದರೆ, ರೆಕ್ಕೆಯ ಮೇಲೆ ಹರಿಯುವ ಗಾಳಿಯ ವೇಗ ಕೆಲವೇ ಸೆಕೆಂಡಿನಲ್ಲಿ ಗಂಟೆಗೆ 100 ಕಿ.ಮೀ. ಕಡಿಮೆ. ನೆಲ ಹತ್ತಿರ ಇರುತ್ತದೆ, ಎಂಜಿನ್ ಪೂರ್ತಿ ಬಲಕ್ಕೆ ಬರಲು ಒಂದಿಷ್ಟು ಸೆಕೆಂಡ್ ಬೇಕು. 1985ರ ಆಗಸ್ಟ್ 2ರಂದು ಅಮೆರಿಕದ ಡಲ್ಲಾಸ್‌ನಲ್ಲಿ ಡೆಲ್ಟಾ 191 ವಿಮಾನ ಹೀಗೆಯೇ ಬಿದ್ದು 137 ಜನ ಸತ್ತರು. ಅದರ ನಂತರ, 1988ರಲ್ಲಿ, ಪ್ರಯಾಣಿಕ ವಿಮಾನಗಳಲ್ಲಿ ಗಾಳಿಯ ಏರುಪೇರು ಗುರುತಿಸುವ ಉಪಕರಣ ಇರಲೇಬೇಕು ಅಂತ ಅಲ್ಲಿ ನಿಯಮ ಬಂತು.

1983ರ ಆಗಸ್ಟ್ 1ರಂದು ಅಮೆರಿಕದ ಅಧ್ಯಕ್ಷ ರೇಗನ್ ಅವರ ವಿಮಾನ ವಾಷಿಂಗ್ಟನ್ ಬಳಿಯ ಆಂಡ್ರ್ಯೂಸ್ ವಾಯುನೆಲೆಯಲ್ಲಿ ಇಳಿದ ಕೆಲವೇ ನಿಮಿಷಕ್ಕೆ ಅಲ್ಲಿ ಗಂಟೆಗೆ ಸುಮಾರು 240 ಕಿ.ಮೀ. ಗಾಳಿ ದಾಖಲಾಯಿತು. ಕೆಲವು ನಿಮಿಷದ ಅಂತರ, ಅಷ್ಟೇ.

ನಮ್ಮ ಹುಬ್ಬಳ್ಳಿಯಲ್ಲೇ 2015ರ ಮಾರ್ಚ್ 8ರ ಸಂಜೆ ಬೆಂಗಳೂರಿನಿಂದ ಬಂದ ಕ್ಯೂ400 ವಿಮಾನ ಮಳೆಯಲ್ಲಿ ಇಳಿದು, ರನ್‌ವೇಯಿಂದ ಎಡಕ್ಕೆ ಜಾರಿ, ಎಡಗಡೆಯ ಚಕ್ರದ ಕಾಲು ಮುರಿದುಕೊಂಡು ನಿಂತಿತು. ಒಳಗಿದ್ದವರೆಲ್ಲ ಉಳಿದರು. ಅದು ಡೌನ್‌ಬರ್ಸ್ಟ್ ಅಲ್ಲ, ಕೆಟ್ಟ ಹವೆಯಲ್ಲಿ ಪೈಲಟ್‌ಗಳಿಗೆ ರನ್‌ವೇ ಸರಿಯಾಗಿ ಕಾಣದೆ ಹೋದದ್ದು ತನಿಖೆ ಹೇಳಿದ ಕಾರಣ. ಆದರೆ ಬೇಸಿಗೆಯ ಸಂಜೆ ಮಳೆ ನಮ್ಮೂರ ನಿಲ್ದಾಣಕ್ಕೂ ಸಣ್ಣ ವಿಷಯ ಅಲ್ಲ ಅಂತ ಅದು ತೋರಿಸಿತು.

ಈಗ ಪೈಲಟ್‌ಗಳು ಏನು ಮಾಡುತ್ತಾರೆ? ಹೋರಾಡುವುದಿಲ್ಲ. ಮೇಲೆಯೇ ಸುತ್ತು ಹಾಕಿ ಕಾಯುತ್ತಾರೆ, ಇಲ್ಲಾ ಬೇರೆ ಊರಿಗೆ ಹೋಗುತ್ತಾರೆ. ಸಂಜೆ ವಿಮಾನ ತಡ ಆದಾಗ ಬೈಯುವ ಮೊದಲು ಇದನ್ನ ನೆನಪಿಡ್ರಿ. ಔಷಧ ಸಿಂಪಡಿಸಲು ಡ್ರೋನ್ ಹಾರಿಸುವ ಗೆಳೆಯರಿಗೂ ಇದೇ ಮಾತು. ನಿಮ್ಮ ಡ್ರೋನೂ ಒಂದು ವಿಮಾನವೇ. ಗುಡುಗು ಕೇಳಿದ ಮೇಲೆ 'ಇನ್ನೊಂದು ಟ್ಯಾಂಕ್ ಹೊಡೆದು ಬಿಡೋಣ' ಅನ್ನಬ್ಯಾಡ್ರಿ, ಇಳಿಸ್ರಿ.

ಪಾಲಿಹೌಸಿಗೆ ಆಗುವುದೂ ಅದೇ

ವಿಮಾನವನ್ನ ಬೀಳಿಸುವುದು ಬರೀ ಗಾಳಿಯ ಜೋರಲ್ಲ, ಗಾಳಿ ದಿಕ್ಕು ಬದಲಿಸುವ ರೀತಿ. ಪಾಲಿಹೌಸಿಗೂ ಇದೇ ಮಾತು.

ಕಲಘಟಗಿ ರಸ್ತೆಯ ನನ್ನ ಗೆಳೆಯನೊಬ್ಬ ಹತ್ತು ಗುಂಟೆಯಲ್ಲಿ ಕ್ಯಾಪ್ಸಿಕಂ ಹಾಕಿದ್ದ. ಮೇ ತಿಂಗಳ ಒಂದು ಸಂಜೆ ಪೂರ್ವದಿಂದ ಗಾಳಿ ಶುರು ಆಯ್ತು. ಆ ಕಡೆಯ ಪರದೆ ಇಳಿಸಿದ. ಒಳಗೆ ಸೆಕೆ ಜಾಸ್ತಿ ಅಂತ ಪಶ್ಚಿಮದ ಪರದೆ ಮೇಲೆಯೇ ಇತ್ತು. ಮೂರ್ನಾಲ್ಕು ನಿಮಿಷಕ್ಕೆ ಗಾಳಿ ತಿರುಗಿತು. ಪಶ್ಚಿಮದಿಂದ ಒಳನುಗ್ಗಿ ಮಾಡನ್ನ ಎತ್ತತೊಡಗಿತು. ಇವನೂ ತಮ್ಮನೂ ಪೈಪಿಗೆ ಜೋತುಬಿದ್ದರು. ಬದುವಿನ ಮೇಲಿಂದ ಅವರಪ್ಪ ಕೂಗಿದ್ದು ನನಗೆ ಈಗಲೂ ನೆನಪಿದೆ: "ಬಿಡ್ರೋ ಅದನ್ನ! ರೊಕ್ಕ ಮತ್ತ ಬರ್ತದ, ಜೀವ ಬರಂಗಿಲ್ಲ!" ಇಬ್ಬರೂ ಬಿಟ್ಟು ಓಡಿ ಬಂದರು. ಆಮೇಲೆ ಒಂದು ಮೂಲೆಯ ಕಂಬಗಳು ಬುನಾದಿ ಸಮೇತ ಎದ್ದವು. ಬೆಳೆ ಹೋಯ್ತು, ಹಾಳೆ ಹೋಯ್ತು, ಬ್ಯಾಂಕಿನ ಕಂತು ಉಳಿಯಿತು. ಆದರೆ ಅಣ್ಣ-ತಮ್ಮ ಇಬ್ಬರೂ ಇವತ್ತು ತೋಟ ಮಾಡ್ತಿದ್ದಾರೆ.

ಗಾಳಿ ಯಾಕೆ ತಿರುಗಿತು? ಡೌನ್‌ಬರ್ಸ್ಟ್ ಪೂರ್ವದಲ್ಲಿದ್ದಾಗ ಅದರಿಂದ ಹರಡುವ ಗಾಳಿ ನಿಮಗೆ ಪೂರ್ವದಿಂದ ಬಡಿಯುತ್ತದೆ. ಮೋಡ ನಿಮ್ಮ ತಲೆ ಮೇಲೆ ದಾಟಿ ಪಶ್ಚಿಮಕ್ಕೆ ಹೋದರೆ, ಅದೇ ಗಾಳಿ ಈಗ ಪಶ್ಚಿಮದಿಂದ. ಮುಂಗಾರಿನ ಗಾಳಿ ತಿಂಗಳುಗಟ್ಟಲೆ ಒಂದೇ ಕಡೆಯಿಂದ ಬೀಸುತ್ತದೆ, ಆದ್ದರಿಂದ ನಾವು ಪಶ್ಚಿಮಕ್ಕೆ ಮರ ಹಚ್ಚುತ್ತೇವೆ, ಪಶ್ಚಿಮಕ್ಕೆ ಹೆಚ್ಚು ತಂತಿ ಬಿಗಿಯುತ್ತೇವೆ. ಅಡ್ಡಮಳೆಯ ಗಾಳಿಗೆ ಆ ಲೆಕ್ಕ ಸಾಲದು. ಅದು ಎಲ್ಲ ಕಡೆಯಿಂದ ಬರಬಹುದು ಅಂತಲೇ ಕಟ್ಟಬೇಕು.

ಇನ್ನೊಂದು ಸಂಗತಿ. ಸಾಮಾನ್ಯ ಗಾಳಿ ಮೇಲೆ ಹೋದಷ್ಟೂ ಜೋರು, ನೆಲದ ಹತ್ತಿರ ನಿಧಾನ. ಡೌನ್‌ಬರ್ಸ್ಟ್ ನೆಲಕ್ಕೆ ಬಡಿದು ಹರಡುವುದರಿಂದ ಅದರ ಅತಿ ಹೆಚ್ಚಿನ ವೇಗ ನೆಲಕ್ಕೆ ಹತ್ತಿರದಲ್ಲೇ ಇರುತ್ತದೆ. 'ನಮ್ಮ ಶೆಡ್ಡು ಗಿಡ್ಡ ಇದೆ, ಏನಾಗಲ್ಲ' ಅನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ.

ಒತ್ತಡದ ಲೆಕ್ಕ

ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಗಂಟೆಗೆ 50 ಕಿ.ಮೀ. ಗಾಳಿಗೆ ಒಂದು ಚದರ ಮೀಟರ್ ಮೇಲೆ ಸುಮಾರು 12 ಕೆ.ಜಿ. ಭಾರದಷ್ಟು ಒತ್ತಡ. 100 ಕಿ.ಮೀ.ಗೆ ಸುಮಾರು 47 ಕೆ.ಜಿ. ಹತ್ತು ಗುಂಟೆ ಅಂದ್ರೆ ಹೆಚ್ಚೂ ಕಡಿಮೆ ಸಾವಿರ ಚದರ ಮೀಟರ್. ಆ ಒತ್ತಡದ ಅರ್ಧದಷ್ಟು ಮಾತ್ರ ಮಾಡನ್ನ ಮೇಲಕ್ಕೆ ಎತ್ತಿದರೂ 20 ಟನ್‌ಗಿಂತ ಹೆಚ್ಚು. ಇಬ್ಬರು ಪೈಪ್ ಹಿಡಿದು ನಿಂತರೆ ಎಷ್ಟು ತಡೆದಾರು?

2024ರ ಮೇ 13ರಂದು ಮುಂಬೈನ ಘಾಟ್ಕೋಪರ್‌ನಲ್ಲಿ ಮಳೆಗಿಂತ ಮುಂಚಿನ ಧೂಳುಗಾಳಿಗೆ ಒಂದು ಜಾಹೀರಾತು ಫಲಕ ಪೆಟ್ರೋಲ್ ಬಂಕ್ ಮೇಲೆ ಬಿದ್ದು 17 ಜನ ಸತ್ತರು. ಅದರ ಅಳತೆ 120 ಅಡಿ ಉದ್ದ, 120 ಅಡಿ ಅಗಲ. ನಮ್ಮ ಲೆಕ್ಕದಲ್ಲಿ ಹದಿಮೂರು ಗುಂಟೆ ಹಾಳೆಯನ್ನ ನೆಟ್ಟಗೆ ನಿಲ್ಲಿಸಿದ ಹಾಗೆ.

ಭಾರತೀಯ ಮಾನಕದ ಐಎಸ್ 875 (ಭಾಗ 3) ದೇಶವನ್ನ ಗಾಳಿಯ ವೇಗದ ಮೇಲೆ ವಲಯಗಳಾಗಿ ವಿಂಗಡಿಸಿದೆ. ಅತಿ ಕಡಿಮೆ ಗಾಳಿಯ ವಲಯಕ್ಕೂ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಅಂದ್ರೆ ಗಂಟೆಗೆ ಸುಮಾರು 119 ಕಿ.ಮೀ. ಪಾಲಿಹೌಸ್ ಕಟ್ಟಿಸುವಾಗ ಕಂಪನಿಯವರನ್ನ ಒಂದೇ ಪ್ರಶ್ನೆ ಕೇಳ್ರಿ: "ಇದು ಎಷ್ಟು ವೇಗದ ಗಾಳಿಗೆ ವಿನ್ಯಾಸ ಆಗೇತಿ? ಬರೆದು ಕೊಡ್ರಿ." ಬರೆದು ಕೊಡದವರ ಕಡೆ ಕಟ್ಟಿಸಬ್ಯಾಡ್ರಿ.

ಫೋನು ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಹವಾಮಾನ ಇಲಾಖೆಯ ಗೋವಾ ರಡಾರ್ ನಮ್ಮ ಕಡೆಯ ಮೋಡಗಳನ್ನ ನೋಡುತ್ತದೆ. ಆದರೆ ಭೂಮಿ ಗುಂಡಗಿರುವುದರಿಂದ, ಅಷ್ಟು ದೂರದಲ್ಲಿ ರಡಾರಿನ ಕಿರಣ ನಮ್ಮ ನೆಲದಿಂದ ಒಂದು ಕಿಲೋಮೀಟರಿಗಿಂತ ಮೇಲೆಯೇ ಹಾದು ಹೋಗುತ್ತದೆ. ಮೋಡ, ಮಳೆ ಕಾಣುತ್ತದೆ. ನಿಮ್ಮ ತೋಟದ ಮೇಲೆ ಹರಡುವ ಗಾಳಿ ಕಾಣುವುದಿಲ್ಲ. ಹೀಗಾಗಿ ಇಲಾಖೆ ಜಿಲ್ಲೆಗೆ ಎಚ್ಚರಿಕೆ ಕೊಡಬಲ್ಲದು, ನಿಮ್ಮ ಸರ್ವೆ ನಂಬರಿಗೆ ಅಲ್ಲ.

ಆದರೂ ಫೋನು ಬಹಳ ಕೆಲಸಕ್ಕೆ ಬರುತ್ತದೆ. 'ಮೌಸಮ್' ಆ್ಯಪ್‌ನಲ್ಲಿ ಮುಂದಿನ ಮೂರು ತಾಸಿನ ಎಚ್ಚರಿಕೆ ಸಿಗುತ್ತದೆ. 'ಮೇಘದೂತ'ದಲ್ಲಿ ಜಿಲ್ಲೆಯ ಕೃಷಿ ಹವಾಮಾನ ಸಲಹೆ ಬರುತ್ತದೆ. 'ದಾಮಿನಿ' ನಿಮ್ಮ ಸುತ್ತ 20 ಮತ್ತು 40 ಕಿ.ಮೀ. ಒಳಗೆ ಬೀಳುತ್ತಿರುವ ಸಿಡಿಲನ್ನ ತೋರಿಸುತ್ತದೆ. ಮಧ್ಯಾಹ್ನ ಎರಡಕ್ಕೊಮ್ಮೆ ನೋಡುವ ರೂಢಿ ಮಾಡ್ಕೊಳ್ರಿ.

ಉಳಿದದ್ದನ್ನ ಮುಗಿಲು ಹೇಳುತ್ತದೆ:

- ಉಸಿರುಕಟ್ಟುವ ಸೆಕೆ, ಗಾಳಿ ಪೂರ್ತಿ ನಿಂತಿರುವುದು.
- ಕಪ್ಪು ಮೋಡದ ಕೆಳಗೆ ಮಳೆಯ ತೆರೆ ಇಳಿದು ನೆಲ ಮುಟ್ಟದೆ ಮಾಯವಾಗುವುದು. ದಾರಿಯಲ್ಲೇ ಆವಿ ಆಗುತ್ತಿದೆ ಅಂತ ಅರ್ಥ.
- ಮಳೆಯ ತೆರೆಯ ಬುಡ ಹೊರಗೆ ಚಾಚಿದ ಹಾಗೆ ಕಾಣುವುದು, ಅದರ ಮುಂದೆ ಕೆಂಪು ಧೂಳಿನ ಗೋಡೆ.
- ಒಮ್ಮೆಲೆ ತಂಪು ಗಾಳಿ, ಹಸಿ ಮಣ್ಣಿನ ವಾಸನೆ. ಇದು ಬಂತಂದ್ರೆ ನಿಮ್ಮ ಹತ್ತಿರ ಉಳಿದಿರುವುದು ಒಂದೆರಡು ನಿಮಿಷ.

ಮಿಂಚು ಕಂಡ ಮೇಲೆ ಎಣಿಸ್ರಿ. ಮೂರು ಸೆಕೆಂಡಿಗೆ ಒಂದು ಕಿ.ಮೀ. ಹದಿನೈದು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಐದು ಕಿ.ಮೀ. ಒಳಗಿದೆ. ಅಷ್ಟರೊಳಗೆ ಕೆಲಸ ಮುಗಿದಿರಬೇಕು, ನೀವು ಒಳಗಿರಬೇಕು.

ಏನು ಮಾಡಬೇಕು?

ಮಾರ್ಚ್ ಮುಗಿಯುವುದರೊಳಗೆ:

1. ಪಾಲಿಹೌಸಿನ ಪ್ರತಿ ಬೋಲ್ಟ್, ಕ್ಲ್ಯಾಂಪ್ ಸ್ಪ್ಯಾನರ್ ಹಿಡಿದು ಬಿಗಿ ಮಾಡ್ರಿ. ತುಕ್ಕು ಹಿಡಿದದ್ದನ್ನ ಬದಲಿಸ್ರಿ.
2. ಕಂಬಗಳ ಬುಡ ನೋಡ್ರಿ. ಹುಬ್ಬಳ್ಳಿ, ಕುಂದಗೋಳ, ನವಲಗುಂದ ಕಡೆಯ ಎರಿ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಬುನಾದಿ ಸಡಿಲ ಆಗುತ್ತದೆ. ಬಿರುಕು ತುಂಬಿ, ಅಲುಗಾಡುವ ಕಂಬಕ್ಕೆ ಕಾಂಕ್ರೀಟ್ ಹಾಕಿಸ್ರಿ.
3. ನಾಲ್ಕೂ ಮೂಲೆಗೆ, ನಾಲ್ಕೂ ಬದಿಗೆ ಅಡ್ಡಪಟ್ಟಿ ಮತ್ತು ಎಳೆತಂತಿ ಇರಬೇಕು. ಗಾಳಿ ಮೊದಲು ಕೀಳುವುದು ಮೂಲೆ, ಅಂಚು.
4. ಹರಿದ ಹಾಳೆಗೆ ಇವತ್ತೇ ತೇಪೆ ಹಾಕ್ರಿ. ಗಾಳಿ ಹೊಕ್ಕರೆ ಸಣ್ಣ ಹರಕು ಕ್ಷಣದಲ್ಲಿ ದೊಡ್ಡದಾಗುತ್ತದೆ.
5. ಶೆಡ್ಡಿನ ತಗಡಿಗೆ ಕಲ್ಲು ಹೇರುವುದು ಬಿಡ್ರಿ. ತಗಡಿನ ಜೊತೆ ಕಲ್ಲೂ ಹಾರುತ್ತದೆ. ಜೆ-ಹುಕ್ ಹಾಕಿಸಿ, ಅಂಚಿನಲ್ಲಿ ಹತ್ತಿರ ಹತ್ತಿರ ಇರಲಿ.
6. ಪಶ್ಚಿಮಕ್ಕಷ್ಟೇ ಅಲ್ಲ, ಸುತ್ತಲೂ ಗಾಳಿತಡೆ ಮರ ಹಚ್ಚ್ರಿ. ಸಿಲ್ವರ್ ಓಕ್, ಬಿದಿರು, ಗ್ಲಿರಿಸಿಡಿಯಾ ಆಗುತ್ತವೆ. ಆದರೆ ಮರ ಬಿದ್ದರೆ ಪಾಲಿಹೌಸಿಗೆ ತಾಗದಷ್ಟು ದೂರ ಇರಲಿ.

ಮೋಡ ಕಟ್ಟಿದ ದಿನ:

1. ನಾಲ್ಕೂ ಬದಿಯ ಪರದೆ ಮುಚ್ಚ್ರಿ, ಬಾಗಿಲು ಹಾಕ್ರಿ. ಒಂದು ಕಡೆ ತೆರೆದಿದ್ದರೂ ಒಳಗಿನ ಗಾಳಿ ಮೇಲಕ್ಕೆ ಒತ್ತುತ್ತದೆ, ಹೊರಗಿನದು ಮೇಲಕ್ಕೆ ಎಳೆಯುತ್ತದೆ. ಎರಡೂ ಸೇರಿದರೆ ಮಾಡು ಉಳಿಯುವುದಿಲ್ಲ. ಅರ್ಧ ತಾಸಿನ ಸೆಕೆಗೆ ಗಿಡ ಸಾಯುವುದಿಲ್ಲ.
2. ಸೋಲಾರ್ ಪ್ಲೇಟಿನ ಕೋನ ಬದಲಿಸಲು ಬರುವುದಿದ್ದರೆ ಮಲಗಿಸಿ ಇಡ್ರಿ.
3. ಸಡಿಲ ತಗಡು, ಕ್ರೇಟು, ಖಾಲಿ ಡ್ರಮ್ಮು ಒಳಗಿಡ್ರಿ.
4. ದನಗಳನ್ನ ಮರದ ಕೆಳಗಿಂದ ಬಿಚ್ಚಿ ತನ್ನಿರಿ.

ತಂಪುಗಾಳಿ ಬಂದ ಮೇಲೆ ಒಂದೇ ಕೆಲಸ: ಗಟ್ಟಿ ಮನೆಯೊಳಗೆ ಹೋಗುವುದು. ಪರದೆ ಹಿಡಿಯಲು, ಹಾಳೆ ಕೊಯ್ಯಲು, ತಗಡು ಒತ್ತಲು ಯಾರೂ ಹೋಗಬಾರದು. ಹತ್ತು-ಹದಿನೈದು ನಿಮಿಷ ಕಾಯ್ರಿ. ಹಿಂದೆಯೇ ಇನ್ನೊಂದು ಮೋಡ ಇದೆಯೋ ನೋಡಿ ಹೊರಬನ್ನಿರಿ.

ಗಾಳಿ ನಿಂತ ಮೇಲೆ ಮೊದಲು ವಿದ್ಯುತ್ ತಂತಿ ನೋಡ್ರಿ. ಬಿದ್ದಿದ್ದರೆ ದೂರ ನಿಂತು ಹೆಸ್ಕಾಂನ 1912ಕ್ಕೆ ಫೋನ್ ಮಾಡ್ರಿ. ಎತ್ತಿ ಸರಿಮಾಡುವ ಮುನ್ನ ನಾಲ್ಕೂ ಕಡೆಯಿಂದ ಫೋಟೊ, ವಿಡಿಯೊ ತೆಗೀರಿ, ಜಾಗ ಮತ್ತು ವೇಳೆ ಕಾಣುವಂತೆ ಇರಲಿ. ಆಣಿಕಲ್ಲು ಬಿದ್ದಿದ್ದರೆ ಕರಗುವ ಮೊದಲೇ ಅದರದ್ದೂ ಒಂದು ಫೋಟೊ ಬೇಕು. ಫಸಲ್ ಬಿಮಾದಲ್ಲಿ ಒಂದೊಂದೇ ಹೊಲಕ್ಕೆ ಆಗುವ ಹಾನಿಯ ಪಟ್ಟಿಯಲ್ಲಿ ಆಣಿಕಲ್ಲು ಇದೆ, ಅದನ್ನ 72 ತಾಸಿನೊಳಗೆ ತಿಳಿಸಬೇಕು. ಅದು ಬೆಳೆಗೆ ಇರುವ ವಿಮೆ, ಪಾಲಿಹೌಸಿನ ಪೈಪು-ಹಾಳೆಗೆ ಅಲ್ಲ. ಕಟ್ಟಡಕ್ಕೆ ಬೇರೆ ವಿಮೆ ಬೇಕು. ನಿಮ್ಮ ಸಾಲದ ಜೊತೆ ಅಂಥ ವಿಮೆ ಇದೆಯೋ ಇಲ್ಲವೋ, ಅದರಲ್ಲಿ ಬಿರುಗಾಳಿ ಸೇರಿದೆಯೋ ಇಲ್ಲವೋ, ಈ ವಾರವೇ ಬ್ಯಾಂಕಿಗೆ ಹೋಗಿ ಪಾಲಿಸಿ ಪ್ರತಿ ಕೇಳಿ ಓದ್ರಿ.

ಪಾಲಿಹೌಸಿನಲ್ಲಿ ಕೆಲಸಕ್ಕೆ ಬರುವ ಹೆಣ್ಣಾಳು, ಗಂಡಾಳುಗಳಿಗೂ ಇದನ್ನ ಹೇಳ್ರಿ. ಗುಡುಗು ಕೇಳಿದ ಕೂಡಲೇ ಪರದೆ ಮುಚ್ಚಿ ಮನೆಗೆ ಬರಬೇಕು, ಕೇಳಲು ಫೋನ್ ಮಾಡುವ ಅಗತ್ಯ ಇಲ್ಲ, ಅರ್ಧ ದಿನದ ಪಗಾರ ಹಿಡಿಯುವುದಿಲ್ಲ ಅಂತ ಮೊದಲೇ ಖಚಿತ ಮಾಡ್ರಿ. ಮಾಲಕರು ಬೈತಾರೆ ಅನ್ನುವ ಅಂಜಿಕೆಯಿಂದ ಯಾರೂ ಆ ಐದು ನಿಮಿಷ ಪೈಪಿನ ಕೆಳಗೆ ನಿಲ್ಲಬಾರದು.